ತಾಮ್ರದ ತಗಡಿಗೆ ದನಿ ಕೊಟ್ಟ ಮೇಷ್ಟರು

ಸರ್ಕಾರಿ ನೌಕರಿಯಲ್ಲಿದ್ದವರ ಬಾಳಿನಲ್ಲಿ ನಿವೃತ್ತಿಯ ದಿನ ಒಂದು ವಿಚಿತ್ರವಾದ ದಿನ. ಹಾರ ತುರಾಯಿಗಳು ಬೀಳುತ್ತವೆ. ನಾಲ್ಕು ಜನ ನಾಲ್ಕು ಒಳ್ಳೆಯ ಮಾತನ್ನಾಡುತ್ತಾರೆ. ಎಲ್ಲರೂ ಸಾಲಾಗಿ ಕುಳಿತು ಭಾವಚಿತ್ರ ತೆಗೆಸಿಕೊಳ್ಳುತ್ತಾರೆ. ಮರುದಿನ ಬೆಳಗ್ಗೆ ಹತ್ತು ಗಂಟೆ ಹೊಡೆದಾಗ ಎಲ್ಲಿಗೆ ಹೊರಡಬೇಕೆಂದು ತೋಚದೆ ಹಿರಿಯರು ಪಡಸಾಲೆಯಲ್ಲಿ ಶತಪಥ ತುಳಿಯತೊಡಗುತ್ತಾರೆ. ಮೇಷ್ಟರಾಗಿದ್ದವರಿಗಂತೂ ಈ ಕಷ್ಟ ಇನ್ನೂ ಹೆಚ್ಚು. ಗುಮಾಸ್ತರು ಬಿಟ್ಟು ಬರುವುದು ಕಡತಗಳನ್ನು. ಮೇಷ್ಟರು ಬಿಟ್ಟು ಬರುವುದು ತಮ್ಮ ಮಾತಿಗೆ ಒದಗುತ್ತಿದ್ದ ಕಿವಿಗಳನ್ನು. ಪಿಂಚಣಿಯ ಹಣ ಅಕ್ಕಿ ಬೇಳೆಗಳಿಗೆ ಸಾಕಾದೀತು. ಆ ಕಿವಿಗಳನ್ನು ಅದು ತಂದುಕೊಡಲಾರದು.

ಆದರೆ ನೌಕರಿಗೆ ಇರುವ ನಿವೃತ್ತಿ ವಿದ್ಯೆಗೆ ಇಲ್ಲ. ಈ ಮಾತನ್ನು ಬಾಯಲ್ಲಿ ಹೇಳುವವರು ಬಹಳ ಮಂದಿ. ಬಾಳಿ ತೋರಿಸಿದವರು ಕೆಲವರು ಮಾತ್ರ. ಆ ಕೆಲವರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮೂವತ್ತೈದಕ್ಕೂ ಹೆಚ್ಚು ವರ್ಷ ತೆಲುಗು ಪಾಠ ಹೇಳಿದ ರಾಳ್ಳಪಲ್ಲಿ ಅನಂತಕೃಷ್ಣ ಶರ್ಮರು (1893-1979) ಒಬ್ಬರು.

ಇಂದಿನ ಕಿರಿಯರಲ್ಲಿ ಅನೇಕರು ಈ ಹೆಸರನ್ನು ಕೇಳಿರಲಾರರು. ಆದರೂ ಅವರ ಕೆಲಸದ ಫಲವನ್ನು ಉಣ್ಣದ ಸಂಗೀತಪ್ರಿಯರ ಮನೆ ದುರ್ಲಭ. ತಿರುಪತಿಯ ಅನ್ನಮಾಚಾರ್ಯರ ಕೀರ್ತನೆಗಳನ್ನು ಯಾರು ಕೇಳಿಲ್ಲ? ಬ್ರಹ್ಮನು ತೊಳೆದ ಶ್ರೀಹರಿಯ ಪಾದವನ್ನು ಕೊಂಡಾಡುವ ‘ಬ್ರಹ್ಮ ಕಡಿಗಿನ ಪಾದಮು’ ಎಂಬ ಕೀರ್ತನೆಯನ್ನು ಮುಖಾರಿ ರಾಗದಲ್ಲಿ ಹಾಡಿದಾಗ ಕಣ್ಣು ಮುಚ್ಚಿ ಕುಳಿತು ಆಲಿಸುವವರು ಅದು ಅನ್ನಮಯ್ಯನ ಬಾಯಿಂದಲೇ ಹಾಗೆ ಹೊರಟು ಬಂದಿತೆಂದು ಭಾವಿಸುವುದು ಸಹಜ. ಮಾತೇನೋ ಅನ್ನಮಯ್ಯನದೇ, ಹದಿನೈದನೆಯ ಶತಮಾನದ್ದೇ. ಇಂದು ನಾವು ಕೇಳುವ ಆ ಧಾಟಿ ಮಾತ್ರ ಶರ್ಮರದು. ಇಪ್ಪತ್ತನೆಯ ಶತಮಾನದ ಒಬ್ಬ ಮೇಷ್ಟರದು.

ಇದು ಹೇಗಾಯಿತು? ಅದನ್ನು ತಿಳಿಯಬೇಕಾದರೆ ಆ ಮೇಷ್ಟರ ಬಾಲ್ಯದಿಂದಲೇ ತೊಡಗಬೇಕು.

ಅಪ್ಪನ ಪಾಠ, ಅಮ್ಮನ ಹಾಡು

ಅನಂತಪುರ ಜಿಲ್ಲೆಯ ಕಂಬದೂರಿನ ಬಳಿ ರಾಳ್ಳಪಲ್ಲಿ ಎಂಬುದೊಂದು ಹಳ್ಳಿ. ನಮ್ಮ ಪಾವಗಡದ ಸೀಮೆ ಅಲ್ಲಿಗೆ ನೆರೆ. ಮಳೆ ಕಡಮೆ, ಕಲ್ಲು ಹೆಚ್ಚು. ತೆಲುಗು ಕನ್ನಡಗಳೆರಡೂ ಒಂದೇ ಸಂತೆಯಲ್ಲಿ ಓಡಾಡುವ ನಾಡು. ಅಲ್ಲಿ 1893ರ ಜನವರಿ 23ರಂದು ಅನಂತಕೃಷ್ಣರು ಹುಟ್ಟಿದರು. ತಂದೆ ಕರ್ಣಮಡಕಲ ಕೃಷ್ಣಮಾಚಾರ್ಯರು, ತಾಯಿ ಅಲಮೇಲುಮಂಗಮ್ಮನವರು.

ಮಗುವಿಗೆ ಮೊದಲ ಗುರುಗಳು ಈ ಇಬ್ಬರೇ. ಸಂಸ್ಕೃತ ಮತ್ತು ತೆಲುಗಿನ ಮೊದಲ ಪಾಠಗಳು ತಂದೆಯವರಿಂದ ಬಂದವು. ಹಾಡಿನ ರುಚಿ ಬಂದದ್ದು ತಾಯಿಯಿಂದ. ಆ ಕಾಲದ ಗೃಹಿಣಿಯರ ಸಂಗೀತಕ್ಕೆ ವೇದಿಕೆಯಿರಲಿಲ್ಲ, ತಂಬೂರಿಯಿರಲಿಲ್ಲ. ಬೀಸುವಾಗ, ತೊಟ್ಟಿಲು ತೂಗುವಾಗ, ಹಸೆಯ ಮುಂದೆ ಆರತಿ ಎತ್ತುವಾಗ, ಸಂಜೆ ದೀಪ ಹಚ್ಚುವಾಗ ಹಾಡು ತಾನಾಗಿ ಬಾಯಿಗೆ ಬರುತ್ತಿತ್ತು. ಇಂಥ ಹಾಡಿನಲ್ಲಿ ಸಂಗತಿಗಳ ಸಡಗರವಿಲ್ಲ. ಒಂದು ಸಣ್ಣ ಧಾಟಿಯೊಳಗೆ ಹತ್ತು ನುಡಿಗಳು ಒಂದಾದ ಮೇಲೊಂದರಂತೆ ಬಂದು ಕುಳಿತು ಹೋಗುತ್ತವೆ. ಮಾತು ಎಲ್ಲಿಯೂ ನಲುಗುವುದಿಲ್ಲ. ಮಾತನ್ನು ಕೊಲ್ಲದೆ ಹಾಡುವ ಈ ವಿದ್ಯೆ ದೊಡ್ಡ ಕಛೇರಿಗಳಲ್ಲಿಯೂ ಎಷ್ಟೋ ವೇಳೆ ಕಾಣದ ವಿದ್ಯೆ. ಅದು ಮಗುವಿನ ಕಿವಿಗೆ ಅಕ್ಷರಾಭ್ಯಾಸಕ್ಕಿಂತ ಮೊದಲೇ ಬಿದ್ದಿತು.

ತಾಯಿಯ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು. ಅಲಮೇಲುಮಂಗೆ ತಿರುಪತಿಯ ವೆಂಕಟೇಶನ ಮಡದಿ. ಅನ್ನಮಾಚಾರ್ಯರ ಶೃಂಗಾರ ಕೀರ್ತನೆಗಳ ನಾಯಿಕೆ ಅವಳೇ. ಮುಂದೆ ಐವತ್ತು ದಾಟಿದ ಮೇಲೆ ಮಗನು ಹಗಲಿರುಳೂ ಬಿಡಿಸಿ ಓದಬೇಕಾಗಿದ್ದ ಸಾವಿರಾರು ಹಾಡುಗಳಲ್ಲಿ ಆತನ ತಾಯಿಯ ಹೆಸರೇ ಮತ್ತೆ ಮತ್ತೆ ಬರಲಿತ್ತು. ಇಂಥದನ್ನು ಕಾಕತಾಳೀಯವೆನ್ನುವವರು ಹಾಗೆಯೇ ಎನ್ನಲಿ. ಋಣಾನುಬಂಧವೆನ್ನುವವರೊಡನೆ ಜಗಳವಾಡುವ ಅಗತ್ಯವೂ ಇಲ್ಲ.

ಮಠದ ವ್ಯಾಕರಣ, ಮಂದಿರದ ಸಂಗೀತ

ಬಾಲಕ ಅನಂತಕೃಷ್ಣ ಹೆಚ್ಚಿನ ವಿದ್ಯೆಗಾಗಿ ಬಂದು ಸೇರಿದ್ದು ಮೈಸೂರನ್ನು. ಅಲ್ಲಿಯ ಪರಕಾಲ ಮಠದಲ್ಲಿ ಆಗ ಶ್ರೀಕೃಷ್ಣ ಬ್ರಹ್ಮತಂತ್ರ ಪರಕಾಲ ಸ್ವಾಮಿಗಳು ಪೀಠದಲ್ಲಿದ್ದರು. ‘ಅಲಂಕಾರ ಮಣಿಹಾರ’ವೆಂಬ ದೊಡ್ಡ ಗ್ರಂಥವನ್ನು ಬರೆದ ವಿದ್ವಾಂಸರವರು. ಅಂಥವರ ಬಳಿ ಕಾವ್ಯ ವ್ಯಾಕರಣಗಳ ಪಾಠ ಕೇಳುವ ಭಾಗ್ಯ ಹುಡುಗನದಾಯಿತು.

ಅಂದಿನ ಮೈಸೂರಿನಲ್ಲಿ ಮಠದ ಬಾಗಿಲು ದಾಟಿದರೆ ಸಂಗೀತ ಕಿವಿಗೆ ಬೀಳದಿರುವುದು ಕಷ್ಟವಾಗಿತ್ತು. ವೀಣೆಯ ಶೇಷಣ್ಣನವರು, ಮೈಸೂರು ವಾಸುದೇವಾಚಾರ್ಯರು, ಬಿಡಾರಂ ಕೃಷ್ಣಪ್ಪನವರು, ಎಲ್ಲರೂ ಇದ್ದ ಕಾಲ ಅದು. ಶರ್ಮರು ಸಂಗೀತಾಭ್ಯಾಸಕ್ಕೆ ಆಶ್ರಯಿಸಿದ್ದು ಬಿಡಾರಂ ಕೃಷ್ಣಪ್ಪನವರನ್ನು (1866-1931). ಪಿಟೀಲಿನ ಚೌಡಯ್ಯನವರಿಗೂ ಗುರುಗಳಾಗಿದ್ದ ಈ ಮಹನೀಯರು ತಮ್ಮ ಸಂಪಾದನೆಯನ್ನು ಸುರಿದು ಮೈಸೂರಿನಲ್ಲಿ ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಿಸಿದವರು. ಇವರ ಇನ್ನೊಂದು ಹಿರಿಮೆ ಕನ್ನಡಿಗರು ಎಂದೂ ಮರೆಯಬಾರದಂಥದು. ತ್ಯಾಗರಾಜರ ಕೃತಿಗಳ ಪಕ್ಕದಲ್ಲಿ ಹರಿದಾಸರ ದೇವರನಾಮಗಳನ್ನು ಕುಳ್ಳಿರಿಸಿ, ಕಛೇರಿಯಲ್ಲಿ ಅವುಗಳಿಗೆ ಮರ್ಯಾದೆಯ ಸ್ಥಾನ ತಂದುಕೊಟ್ಟವರು ಕೃಷ್ಣಪ್ಪನವರು.

ಈ ಗುರುವಿನ ಬಳಿ ಶಿಷ್ಯನಿಗೆ ಸಿಕ್ಕಿದ್ದು ರಾಗಜ್ಞಾನವಷ್ಟೇ ಆಗಿರಲಾರದು. ದಾಸರ ಪದಗಳಿಗೆ ದಾಸರೇ ಹಾಕಿದ ಮಟ್ಟುಗಳು ನಮಗೆ ಉಳಿದು ಬಂದಿಲ್ಲ. ಪದ ಬಾಯಿಂದ ಬಾಯಿಗೆ ಬರುವಾಗ ಧಾಟಿ ಬದಲಾಗಿದೆ; ಒಂದೇ ಪದವನ್ನು ಧಾರವಾಡದ ಕಡೆ ಒಂದು ರಾಗದಲ್ಲಿ, ಮೈಸೂರಿನ ಕಡೆ ಮತ್ತೊಂದು ರಾಗದಲ್ಲಿ ಹಾಡುತ್ತಾರೆ. ಹಾಡುವವನು ಸಾಹಿತ್ಯದ ಭಾವವನ್ನು ತಿಳಿದು ರಾಗವನ್ನು ಆರಿಸಬೇಕು, ಹೊಂದಿಸಬೇಕು. ಹಳೆಯ ಮಾತಿಗೆ ಹೊಸ ಸ್ವರ ತೊಡಿಸುವ ಈ ಕೆಲಸ ದಿನವೂ ನಡೆಯುತ್ತಿದ್ದ ಪಾಠಶಾಲೆಯಲ್ಲಿ ಶರ್ಮರು ಬೆಳೆದರು. ಅದು ಮುಂದೆ ಎಲ್ಲಿ ಪ್ರಯೋಜನಕ್ಕೆ ಬರುವುದೆಂದು ಆಗ ಯಾರು ಬಲ್ಲರು!

ಮಹಾರಾಜ ಕಾಲೇಜಿನಲ್ಲಿ

ಆ ಕಾಲದಲ್ಲಿ ಮಹಾರಾಜ ಕಾಲೇಜಿನಲ್ಲಿ ಕಟ್ಟಮಂಚಿ ರಾಮಲಿಂಗಾ ರೆಡ್ಡಿಯವರು ಅಧ್ಯಾಪಕರಾಗಿದ್ದರು. ಕೇಂಬ್ರಿಡ್ಜಿನಲ್ಲಿ ಓದಿ ಬಂದವರು. ತೆಲುಗು ಕಾವ್ಯವನ್ನು ಹೊಸ ದೃಷ್ಟಿಯಿಂದ ನೋಡಬೇಕೆಂಬ ಹಂಬಲವುಳ್ಳವರು. ಮಠದಲ್ಲಿ ಓದಿದ ತರುಣ ಪಂಡಿತನ ಯೋಗ್ಯತೆ ಅವರ ಕಣ್ಣಿಗೆ ಬಿದ್ದಿತು. 1912ರಲ್ಲಿ, ಇನ್ನೂ ಹತ್ತೊಂಬತ್ತರ ಹರೆಯದಲ್ಲಿಯೇ, ಅನಂತಕೃಷ್ಣ ಶರ್ಮರು ಆ ಕಾಲೇಜಿನ ತೆಲುಗು ಪಂಡಿತರಾದರು. ಎದುರಿಗೆ ಕುಳಿತ ವಿದ್ಯಾರ್ಥಿಗಳಿಗೂ ಮೇಷ್ಟರಿಗೂ ವಯಸ್ಸಿನಲ್ಲಿ ಹೆಚ್ಚು ಅಂತರವಿರಲಿಲ್ಲ.

ಅಂದು ಹತ್ತಿದ ಆ ಮೆಟ್ಟಿಲನ್ನು ಅವರು ಇಳಿದದ್ದು 1949ರ ಸುಮಾರಿಗೆ. ಈ ಅವಧಿಯಲ್ಲಿ ಆ ಕಾಲೇಜಿನ ಮೊಗಸಾಲೆಯಲ್ಲಿ ಓಡಾಡಿದ ಹಿರಿಯರನ್ನು ನೆನೆದರೆ ಮೈ ಪುಲಕಿಸುತ್ತದೆ: ಎಂ. ಹಿರಿಯಣ್ಣನವರು, ಬಿ.ಎಂ. ಶ್ರೀಕಂಠಯ್ಯನವರು, ಎಸ್. ರಾಧಾಕೃಷ್ಣನ್ ಅವರು, ಟಿ.ಎಸ್. ವೆಂಕಣ್ಣಯ್ಯನವರು, ಮುಂದೆ ಕುವೆಂಪು ಅವರು. ಇಂಥವರ ನಡುವೆ ಶರ್ಮರ ವಿದ್ವತ್ತೂ ಹಳೆಯ ಚೌಕಟ್ಟನ್ನು ಮೀರಿ ಬೆಳೆಯಿತು. ‘ಮೀರಾಬಾಯಿ’ ಮೊದಲಾದ ಕಾವ್ಯಗಳನ್ನು ಬರೆದಿದ್ದ ಪಂಡಿತರು ವಿಮರ್ಶೆಯ ಕಡೆಗೆ ಹೊರಳಿದರು. 1928ರಲ್ಲಿ ಆಂಧ್ರ ವಿಶ್ವವಿದ್ಯಾನಿಲಯದ ಪರವಾಗಿ ವೇಮನನನ್ನು ಕುರಿತು ಅವರು ಮಾಡಿದ ಉಪನ್ಯಾಸಗಳು ಪುಸ್ತಕವಾಗಿ ಹೊರಬಂದು ತೆಲುಗು ವಿಮರ್ಶೆಯಲ್ಲಿ ಇಂದಿಗೂ ಗಣ್ಯವಾದ ಗ್ರಂಥವೆನಿಸಿವೆ. ಪ್ರಾಕೃತದ ‘ಗಾಥಾಸಪ್ತಶತಿ’ಯನ್ನು ಅವರು ತೆಲುಗಿಗೆ ತಂದರು. ಕನ್ನಡಕ್ಕೂ ಅವರ ಕೈಯಿಂದ ಕಾಣಿಕೆ ಸಂದಿತು: ‘ಗಾನಕಲೆ’, ‘ಸಾಹಿತ್ಯ ಮತ್ತು ಜೀವನಕಲೆ’ ಎಂಬ ಪುಸ್ತಕಗಳನ್ನು ಅವರು ಬರೆದದ್ದು ಕನ್ನಡದಲ್ಲಿ.

ಕೆಲಸ ತೆಲುಗಿನದು, ಹಾಡುವುದು ಸಂಜೆಯ ಮಾತು. ಎರಡು ದೋಣಿಯ ಮೇಲೆ ಕಾಲಿಟ್ಟವನ ಗತಿಯೇನೆಂದು ನಮ್ಮ ಹಿರಿಯರು ಕೇಳುವುದುಂಟು. ಸಂಗೀತದವರ ನಡುವೆ ತೆಲುಗು ಬಲ್ಲವರಿಗೆ ಒಂದು ವಿಶೇಷ ಸ್ಥಾನವಿತ್ತೆಂಬುದನ್ನು ಮಾತ್ರ ಮರೆಯಬಾರದು. ಕರ್ಣಾಟಕ ಸಂಗೀತದ ಕೃತಿಗಳಲ್ಲಿ ಬಹುಭಾಗ ತೆಲುಗಿನವು. ಅವುಗಳನ್ನು ಹಾಡುವ ಕನ್ನಡಿಗರಿಗೂ ತಮಿಳರಿಗೂ ಅದು ಎಷ್ಟೋ ವೇಳೆ ಕಂಠಪಾಠವೇ ಹೊರತು ಮನೆಮಾತಲ್ಲ. ಎಲ್ಲಿ ಪದ ಒಡೆಯಬೇಕು, ಎಲ್ಲಿ ಒಡೆದರೆ ಅರ್ಥ ಕೆಡುತ್ತದೆ ಎಂಬುದನ್ನು ಹೇಳಬಲ್ಲವನು ವ್ಯಾಕರಣವನ್ನೂ ತಾಳವನ್ನೂ ಒಟ್ಟಿಗೆ ಬಲ್ಲವನಾಗಿರಬೇಕು. ಅಂಥವರು ಆಗಲೂ ಕೆಲವರೇ.

ಕಾಲೇಜು ಬಿಟ್ಟಾಗ ಶರ್ಮರಿಗೆ ಐವತ್ತೈದು ದಾಟಿತ್ತು. ಮನೆಯಲ್ಲಿ ಕುಳಿತು ಹಳೆಯ ಪುಸ್ತಕಗಳ ಧೂಳು ಕೊಡವುತ್ತ ಕಾಲ ಕಳೆದಿದ್ದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅಷ್ಟರಲ್ಲಿ ತಿರುಪತಿಯಿಂದ ಕರೆ ಬಂದಿತು.

ಕಲ್ಲಿನ ಗೂಡಿನ ಕಥೆ

ಈ ಕರೆಯ ಹಿನ್ನೆಲೆಯನ್ನು ಸ್ವಲ್ಪ ವಿವರಿಸಬೇಕು. ತಾಳ್ಳಪಾಕದ ಅನ್ನಮಾಚಾರ್ಯರು ಬಾಳಿದ್ದು 1408ರಿಂದ 1503ರವರೆಗೆ ಎಂಬುದು ವಿದ್ವಾಂಸರ ಎಣಿಕೆ. ಹದಿನಾರರ ವಯಸ್ಸಿನಿಂದ ಕೊನೆಯ ಉಸಿರಿನವರೆಗೆ ವೆಂಕಟೇಶ್ವರನ ಮೇಲೆ ಹಾಡುತ್ತಲೇ ಹೋದರು. ಒಟ್ಟು ಮೂವತ್ತೆರಡು ಸಾವಿರ ಸಂಕೀರ್ತನೆಗಳೆಂದು ಸಂಪ್ರದಾಯ ಹೇಳುತ್ತದೆ. ಪೆನುಕೊಂಡೆಯ ಸಾಳುವ ನರಸಿಂಹನು ತನ್ನ ಮೇಲೆ ಅಂಥದೊಂದು ಪದವನ್ನು ಹಾಡೆಂದು ಕೇಳಿದಾಗ ಅನ್ನಮಯ್ಯ ಒಪ್ಪದೆ ಸೆರೆಗೆ ಹೋದ ಕಥೆಯೂ ಉಂಟು.

ಆ ಮನೆತನವೇ ಹಾಡಿನ ಮನೆತನ. ಮಡದಿ ತಿಮ್ಮಕ್ಕ ‘ಸುಭದ್ರಾ ಕಲ್ಯಾಣ’ವನ್ನು ಬರೆದ ಕವಯಿತ್ರಿ, ತೆಲುಗಿನ ಮೊದಲ ಕವಯಿತ್ರಿಯೆಂದು ಆಕೆಯನ್ನು ಗೌರವಿಸುತ್ತಾರೆ. ಮಗ ಪೆದ್ದ ತಿರುಮಲಾಚಾರ್ಯ, ಮೊಮ್ಮಗ ಚಿನ್ನ ತಿರುಮಲಾಚಾರ್ಯ, ಇಬ್ಬರೂ ವಾಗ್ಗೇಯಕಾರರು. ಇನ್ನೊಬ್ಬ ಮೊಮ್ಮಗ ಚಿನ್ನನ್ನ ಅಜ್ಜನ ಚರಿತ್ರೆಯನ್ನು ದ್ವಿಪದಿಯಲ್ಲಿ ಬರೆದಿಟ್ಟ. ತಂದೆಯ ಹಾಡುಗಳು ಓಲೆಗರಿಯಲ್ಲಿ ಹುಳು ತಿಂದು ಹೋಗಬಾರದೆಂದು ಪೆದ್ದ ತಿರುಮಲಾಚಾರ್ಯರು ಅವುಗಳನ್ನು ತಾಮ್ರದ ತಗಡುಗಳ ಮೇಲೆ ಕೊರೆಸಿದರು. ಒಂದು ತಗಡಿನಲ್ಲಿ ಸಾಮಾನ್ಯವಾಗಿ ಆರು ಕೀರ್ತನೆಗಳು. ಎರಡು ಸಾವಿರಕ್ಕೂ ಮಿಕ್ಕ ತಗಡುಗಳು ಸಿದ್ಧವಾಗಿ ತಿರುಮಲೆಯ ದೇವಾಲಯದೊಳಗೆ ಒಂದು ಕಲ್ಲಿನ ಕೋಣೆಯಲ್ಲಿ ಸೇರಿದವು. ಅದಕ್ಕೆ ‘ಸಂಕೀರ್ತನ ಭಾಂಡಾಗಾರ’ವೆಂದು ಹೆಸರು.

ತಂದೆಯ ಬಂಗಾರವನ್ನು ಹೂತಿಟ್ಟ ಮಕ್ಕಳನ್ನು ಲೋಕ ಕಂಡಿದೆ. ತಂದೆಯ ಹಾಡನ್ನು ಲೋಹದಲ್ಲಿ ಹೂತಿಟ್ಟ ಮಗ ಬಹಳ ಅಪರೂಪ. ಆದರೆ ವಿಧಿಯ ಆಟ ನೋಡಿ: ಹಾಡು ಉಳಿಯಿತು, ಹಾಡುವವರು ಉಳಿಯಲಿಲ್ಲ. ವಿಜಯನಗರ ಬಿದ್ದಿತು, ದಾನ ದತ್ತಿಗಳು ನಿಂತವು, ಪರಂಪರೆ ಕಡಿಯಿತು. ತೆಲುಗು ಮನೆಗಳಲ್ಲಿ ತೊಟ್ಟಿಲು ತೂಗುವ ಒಂದು ಜೋಗುಳ, ಮಗುವಿಗೆ ಚಂದಮಾಮನನ್ನು ಕರೆಯುವ ಒಂದು ಪದ, ಇಂಥ ಕೆಲವು ಮಾತ್ರ ಹೆಂಗಸರ ಬಾಯಲ್ಲಿ ಬದುಕಿ ಬಂದವು. ಮಿಕ್ಕ ಸಾವಿರಾರು ಕೀರ್ತನೆಗಳು ಕತ್ತಲೆಯಲ್ಲಿ ಮಲಗಿದವು.

ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಆ ತಗಡುಗಳು ಬೆಳಕಿಗೆ ಬಂದವು. ಸಾಧು ಸುಬ್ರಹ್ಮಣ್ಯ ಶಾಸ್ತ್ರಿಗಳೇ ಮೊದಲಾದ ವಿದ್ವಾಂಸರು ಅವುಗಳ ಬೆಲೆಯನ್ನು ಲೋಕಕ್ಕೆ ಸಾರಿದರು. ವೇಟೂರಿ ಪ್ರಭಾಕರ ಶಾಸ್ತ್ರಿಗಳು ಸಂಪಾದನೆಯ ಕೆಲಸದಲ್ಲಿ ಆಯುಸ್ಸನ್ನು ಸವೆಸಿ 1950ರಲ್ಲಿ ತೀರಿಕೊಂಡರು. ಅವರ ತರುವಾಯ ಈ ಭಾರವನ್ನು ಹೊರುವವರು ಯಾರು? ಹಳೆಯ ತೆಲುಗು ಬರಬೇಕು, ಸಂಸ್ಕೃತ ಬರಬೇಕು. ಜೊತೆಗೆ ಕಣ್ಣಿಗೆ ಬಿದ್ದ ಹಾಡು ಕಿವಿಗೂ ಕೇಳಿಸಬೇಕು. ದೇವಸ್ಥಾನದ ಆಡಳಿತದಲ್ಲಿದ್ದ ಚೆಲಿಕಾನಿ ಅಣ್ಣಾರಾಯರ ಆಹ್ವಾನ ಶರ್ಮರಿಗೆ ಬಂದಿತು. ಮೈಸೂರಿನ ಮೇಷ್ಟರು ಗಂಟುಮೂಟೆ ಕಟ್ಟಿಕೊಂಡು ತಿರುಪತಿಗೆ ಹೊರಟರು.

ಹೆಸರುಂಟು, ಸ್ವರವಿಲ್ಲ

ಅಲ್ಲಿಯ ಪ್ರಾಚ್ಯ ಸಂಶೋಧನಾಲಯದಲ್ಲಿ 1950ರ ದಶಕದ ಬಹುಭಾಗವನ್ನು ಅವರು ಕಳೆದರು. ಮೊದಲನೆಯ ಕೆಲಸ ಕೀರ್ತನೆಗಳ ಸಂಪುಟಗಳನ್ನು ಶುದ್ಧವಾಗಿ ಸಂಪಾದಿಸುವುದು. ಕಂಚುಗಾರನ ಕೈ ಜಾರಿದ ಕಡೆ ಅಕ್ಷರ ತಪ್ಪಿರುತ್ತದೆ. ಐದು ಶತಮಾನಗಳ ಹಿಂದಿನ ಆಡುಮಾತು ಇಂದಿನ ನಿಘಂಟಿನಲ್ಲಿ ಸಿಕ್ಕುವುದಿಲ್ಲ. ರಾಯಲಸೀಮೆಯ ಹಳ್ಳಿಯಲ್ಲಿ ಹುಟ್ಟಿ ಬೆಳೆದ ಪಂಡಿತನಿಗೆ ಅಲ್ಲಿ ಒಂದು ಅನುಕೂಲವಿತ್ತು. ಕೋಶದಲ್ಲಿಲ್ಲದ ಎಷ್ಟೋ ಮಾತು ಆ ಸೀಮೆಯ ಅಜ್ಜಿಯರ ಬಾಯಲ್ಲಿ ಇರುತ್ತದೆ.

ಎರಡನೆಯ ಕೆಲಸ ಇದಕ್ಕಿಂತ ಕಠಿನ. ಪ್ರತಿಯೊಂದು ಕೀರ್ತನೆಯ ತಲೆಯ ಮೇಲೆ ರಾಗದ ಹೆಸರನ್ನು ಕೊರೆಸಿದ್ದಾರೆ. ಸ್ವರಗಳನ್ನು ಕೊರೆಸಿಲ್ಲ, ತಾಳದ ಸೂಚನೆಯೂ ಬಹುಮಟ್ಟಿಗೆ ಇಲ್ಲ. ಹಾಡುವವರು ಎದುರಿಗೇ ಇದ್ದ ಕಾಲದಲ್ಲಿ ಅದರ ಅಗತ್ಯವಾದರೂ ಏನಿತ್ತು? ಮನೆಯವರಿಗೆಲ್ಲ ತಿಳಿದ ಅಡಿಗೆಗೆ ಅಳತೆಯನ್ನು ಯಾರೂ ಬರೆದಿಡುವುದಿಲ್ಲ.

ರಾಗದ ಹೆಸರಿದೆಯಲ್ಲ, ಅದೇ ಸಾಲದೇ ಎಂದು ಕೇಳಬಹುದು. ಸಾಲದು. ತಗಡುಗಳ ಮೇಲೆ ಕಾಣುವ ಶ್ರೀರಾಗ, ಭೈರವಿ, ಶಂಕರಾಭರಣ, ಬೌ಼ಳಿ ಮೊದಲಾದ ಹೆಸರುಗಳು ನಮಗೆ ಪರಿಚಿತವೇ. ಕೊಂಡಮಲಹರಿ, ಅಮರಸಿಂಧು ಎಂಬಂಥವು ಕೇವಲ ಹೆಸರುಗಳಾಗಿ ಉಳಿದಿವೆ. ಪರಿಚಿತವಾದ ಹೆಸರುಗಳಲ್ಲಿಯೂ ಅಪಾಯವುಂಟು. ಮುಖಾರಿಯನ್ನೇ ತೆಗೆದುಕೊಳ್ಳೋಣ. ಅನ್ನಮಾಚಾರ್ಯರು ಕಾಲವಾದ ನಲವತ್ತೇಳು ವರ್ಷಗಳ ಮೇಲೆ, 1550ರಲ್ಲಿ, ವಿಜಯನಗರದ ರಾಮಾಮಾತ್ಯನು ‘ಸ್ವರಮೇಳಕಲಾನಿಧಿ’ಯನ್ನು ಬರೆದ. ಅದರಲ್ಲಿ ಮುಖಾರಿಯೆಂದರೆ ಶುದ್ಧ ಸ್ವರಗಳ ಮೇಳ; ಇಂದಿನ ಲೆಕ್ಕದಲ್ಲಿ ಅದು ಕನಕಾಂಗಿಗೆ ಸಮ. ಇಂದು ನಾವು ಮುಖಾರಿಯೆಂದು ಹಾಡುವುದಾದರೋ ಖರಹರಪ್ರಿಯದ ಜನ್ಯ. ಹೆಸರು ಅದೇ, ಮನೆಯೊಳಗೆ ಇರುವವರು ಬೇರೆ! ಎಪ್ಪತ್ತೆರಡು ಮೇಳಕರ್ತಗಳ ಏರ್ಪಾಡು ಬಂದದ್ದೇ ಹದಿನೇಳನೆಯ ಶತಮಾನದ ವೆಂಕಟಮಖಿಯಿಂದ. ಹೀಗಿರುವಾಗ ಅನ್ನಮಯ್ಯ ಯಾವ ಸ್ವರಗಳಲ್ಲಿ ಹಾಡಿದನೆಂದು ನಿಶ್ಚಯವಾಗಿ ಹೇಳುವುದು ಯಾರಿಂದಲೂ ಆಗದ ಮಾತು.

ಸಂಶೋಧಕನಾಗಿ ಮಾತ್ರ ಇದ್ದವನು ಇಲ್ಲಿಗೆ ಲೇಖನಿಯನ್ನು ಕೆಳಗಿಡುತ್ತಿದ್ದ. ಗೊತ್ತಿಲ್ಲದುದನ್ನು ಮುಟ್ಟದಿರುವುದು ಪಾಂಡಿತ್ಯದ ಧರ್ಮ. ಗಾಯಕನಾಗಿ ಮಾತ್ರ ಇದ್ದವನು ಬಾಯಿಗೆ ಬಂದ ಮಟ್ಟನ್ನು ಹಾಕಿ ಮುಗಿಸುತ್ತಿದ್ದ. ಶರ್ಮರು ಎರಡೂ ಆಗಿದ್ದರು. ಆದ್ದರಿಂದ ಕಷ್ಟವೂ ಇಮ್ಮಡಿಯಾಗಿತ್ತು. ಮಟ್ಟು ಹಾಕಿದರೆ, ಮಹಾನುಭಾವನೊಬ್ಬನ ಹೆಸರಿನಲ್ಲಿ ತಮ್ಮ ಸ್ವರವನ್ನು ನಾಡಿಗೆ ಹಂಚಿದ ಆರೋಪ. ಹಾಕದಿದ್ದರೆ, ಹಾಡಲೆಂದೇ ಹುಟ್ಟಿದ ಮಾತುಗಳು ಗ್ರಂಥಾಲಯದ ಕಪಾಟಿನಲ್ಲಿ ಮತ್ತೊಮ್ಮೆ ಸಮಾಧಿಯಾಗುವ ಭಯ. ತಾಮ್ರದಿಂದ ಕಾಗದಕ್ಕೆ ಬಂದ ಮಾತ್ರಕ್ಕೆ ಹಾಡು ಹಾಡಾಗುವುದಿಲ್ಲ.

ಶರ್ಮರು ಮಟ್ಟು ಹಾಕುವ ದಾರಿಯನ್ನೇ ಹಿಡಿದರು.

ಕೆಲಸದ ಸೂಕ್ಷ್ಮ ತಿಳಿಯಬೇಕಾದರೆ ಈ ಕೀರ್ತನೆಗಳ ಕಟ್ಟಡವನ್ನು ನೋಡಬೇಕು. ಬಹುಪಾಲು ಕೀರ್ತನೆಗಳಲ್ಲಿ ಒಂದು ಪಲ್ಲವಿ, ಮೂರು ಚರಣ; ತ್ಯಾಗರಾಜರ ಕೃತಿಗಳಲ್ಲಿರುವಂತೆ ಅನುಪಲ್ಲವಿ ಸಾಮಾನ್ಯವಾಗಿ ಇರುವುದಿಲ್ಲ. ಮೂರು ಚರಣಗಳನ್ನೂ ಒಂದೇ ಧಾತುವಿನಲ್ಲಿ ಹಾಡಬೇಕಾದರೆ ಮೊದಲನೆಯ ಚರಣದ ಮಾತಿಗೆ ಚೆನ್ನಾಗಿ ಒಪ್ಪಿದ ಸ್ವರ ಮೂರನೆಯದರಲ್ಲಿ ಪದವನ್ನು ನಡುವೆ ಕಡಿದುಬಿಡಬಾರದು. ಪ್ರಾಸದ ಅಕ್ಷರ ತಾಳದ ಎಡೆಯಲ್ಲಿ ಹೂತುಹೋಗಬಾರದು. ಸಂಗತಿಗಳನ್ನು ಹೇರಿದರೆ ಭಕ್ತನ ನೇರವಾದ ಮಾತು ವಿದ್ವಾಂಸನ ಆಭರಣದಡಿಯಲ್ಲಿ ಉಸಿರುಕಟ್ಟುತ್ತದೆ. ತೀರ ಸಪ್ಪೆಯಾಗಿಸಿದರೆ ಕಛೇರಿಯವರು ಮುಟ್ಟುವುದಿಲ್ಲ. ಭಾವ ಒಂದು ಕಡೆ ಎಳೆಯುತ್ತದೆ, ಛಂದಸ್ಸು ಒಂದು ಕಡೆ, ಪರಂಪರೆ ಇನ್ನೊಂದು ಕಡೆ.

‘ಬ್ರಹ್ಮ ಕಡಿಗಿನ ಪಾದಮು’ ಕೀರ್ತನೆಯನ್ನು ಗಮನವಿಟ್ಟು ಕೇಳಿದವರಿಗೆ ಈ ಹದ ಗೊತ್ತಾಗುತ್ತದೆ. ಪಾದವೆಂಬ ಮಾತು ಸಾಲು ಸಾಲಿಗೂ ಬಂದು ನಿಲ್ಲುವ ಹಾಡು ಅದು. ಮುಖಾರಿ ಶೋಕಕ್ಕೆ ಮೀಸಲಾದ ರಾಗವೆಂದು ಹಲವರ ಎಣಿಕೆ. ಆದರೆ ಇಲ್ಲಿ ಅದು ಅಳುವುದಿಲ್ಲ, ತಲೆಬಾಗುತ್ತದೆ. ಮಾತುಗಳು ಒಂದೊಂದೂ ಬಿಡಿಬಿಡಿಯಾಗಿ ಕಿವಿಗೆ ಬೀಳುತ್ತವೆ. ಸಂಗೀತ ಕಲಿಯದ ಮುದುಕಿಯೂ ದೀಪದ ಮುಂದೆ ಹಾಡಬಹುದು. ಕಲಿತ ವಿದ್ವಾಂಸನೂ ಸಭೆಯಲ್ಲಿ ವಿಸ್ತರಿಸಬಹುದು. ರಾಳ್ಳಪಲ್ಲಿಯ ಅಡಿಗೆಮನೆಯ ಹಾಡೂ ಮೈಸೂರಿನ ರಾಮಮಂದಿರದ ಹಾಡೂ ಇಲ್ಲಿ ಕೈ ಕೈ ಹಿಡಿದಿವೆ ಎಂದರೆ ಉತ್ಪ್ರೇಕ್ಷೆಯಾಗದು.

ಹೀಗೆ ಶರ್ಮರು ಸ್ವರಪಡಿಸಿದ ಕೀರ್ತನೆಗಳು ನೂರಕ್ಕೂ ಮಿಕ್ಕಿವೆ. ಉಳಿದು ಬಂದಿರುವ ಹನ್ನೆರಡು ಸಾವಿರಕ್ಕೂ ಹೆಚ್ಚಿನ ಕೀರ್ತನೆಗಳ ಮುಂದೆ ಇದು ನೂರಕ್ಕೆ ಒಂದರಷ್ಟು. ಲೆಕ್ಕದವರು ಇದನ್ನು ಅಲ್ಪವೆನ್ನಬಹುದು. ಆದರೆ ಬಾಗಿಲು ತೆರೆಯಲು ಒಂದು ಕೀಲಿ ಸಾಕು. ಆ ಕೀರ್ತನೆಗಳು ಸ್ವರಸಹಿತವಾಗಿ ಅಚ್ಚಾಗಿ ಗಾಯಕರ ಕೈಗೆ ಬಂದ ಮೇಲೆ, ಅನ್ನಮಾಚಾರ್ಯರನ್ನು ಕಛೇರಿಯಲ್ಲಿ ಹಾಡಬಹುದೆಂಬ ಧೈರ್ಯ ಇತರರಿಗೂ ಬಂದಿತು.

ಇದು ಅನ್ನಮಯ್ಯನ ಸಂಗೀತವೋ, ಶರ್ಮರ ಸಂಗೀತವೋ ಎಂಬ ಪ್ರಶ್ನೆ ಇಂದಿಗೂ ಉಳಿದಿದೆ, ಉಳಿಯುವುದೂ ನ್ಯಾಯವೇ. ಆದರೆ ಪುರಂದರದಾಸರ ಪದಗಳನ್ನು ನಾವು ಹಾಡುತ್ತಿರುವುದೂ ಇದೇ ರೀತಿಯಲ್ಲಿ ಅಲ್ಲವೇ? ಅಲ್ಲಿ ಮಟ್ಟನ್ನು ಬದಲಿಸಿದವರು ಹೆಸರಿಲ್ಲದ ನೂರು ಜನ. ಇಲ್ಲಿ ಮಟ್ಟನ್ನು ಕೊಟ್ಟವರು ಹೆಸರುಳ್ಳ ಒಬ್ಬರು. ಭೇದ ಅಷ್ಟೇ.

ಬೆಂಗಳೂರಿನ ಕೊನೆಯ ದಿನಗಳು

ನಿವೃತ್ತಿಯ ವಯಸ್ಸು ದಾಟಿದ ಮೇಲೆ ಊರು ಬಿಟ್ಟು ಹೊರಟ ಮೈಸೂರಿನ ಹಿರಿಯರು ಆ ದಶಕದಲ್ಲಿ ಶರ್ಮರೊಬ್ಬರೇ ಆಗಿರಲಿಲ್ಲ. ಅವರಿಗಿಂತ ಇಪ್ಪತ್ತೆಂಟು ವರ್ಷ ದೊಡ್ಡವರಾದ ವಾಸುದೇವಾಚಾರ್ಯರು ರುಕ್ಮಿಣೀದೇವಿಯವರ ಕರೆಗೆ ಓಗೊಟ್ಟು ಮದರಾಸಿನ ಅಡ್ಯಾರಿನ ಕಲಾಕ್ಷೇತ್ರಕ್ಕೆ ಹೋದರು. ವಾಲ್ಮೀಕಿಯ ಶ್ಲೋಕಗಳಿಗೆ ರಾಗ ಹಾಕಿ, ಕಲಾಕ್ಷೇತ್ರದ ರಾಮಾಯಣ ನೃತ್ಯನಾಟಕಗಳಿಗೆ ಸಂಗೀತ ಕೊಟ್ಟರು. ಆ ಮಾಲೆಯ ಮೊದಲನೆಯದಾದ ‘ಸೀತಾ ಸ್ವಯಂವರ’ 1955ರಲ್ಲಿ ರಂಗಕ್ಕೆ ಬಂದಾಗ ಆಚಾರ್ಯರಿಗೆ ತೊಂಬತ್ತು ವರ್ಷ! 1961ರಲ್ಲಿ ಅವರು ತೀರಿಕೊಂಡ ಮೇಲೆ ಉಳಿದ ಭಾಗಗಳಿಗೆ ಸಂಗೀತ ಕೊಟ್ಟವರು ಮೊಮ್ಮಗ ರಾಜಾರಾಮರು. ಅನ್ನಮಯ್ಯನ ಮನೆಯಲ್ಲಿ ನಡೆದುದೇ ಇಲ್ಲಿಯೂ ನಡೆಯಿತು. ಅಜ್ಜನ ಹಾಡನ್ನು ಮುಗಿಸುವ ಮೊಮ್ಮಗನಿರುವ ಮನೆ ಧನ್ಯ.

ತಿರುಪತಿಯ ಕೆಲಸದ ತರುವಾಯ ಶರ್ಮರು ಬೆಂಗಳೂರಿಗೆ ಬಂದು ನೆಲೆಸಿದರು. ಮದರಾಸಿನ ಸಂಗೀತ ಅಕಾಡೆಮಿ ಅವರಿಗೆ 1974ರಲ್ಲಿ ‘ಸಂಗೀತ ಕಲಾನಿಧಿ’ ಪ್ರಶಸ್ತಿಯನ್ನು ನೀಡಿತು. ಆಗ ಅವರಿಗೆ ಎಂಬತ್ತೊಂದು. ವೇದಿಕೆಯ ಮೇಲೆ ಕೀರ್ತಿ ಗಳಿಸಿದ ಗಾಯಕರಿಗೂ ವಾದಕರಿಗೂ ಹೆಚ್ಚಾಗಿ ಸಲ್ಲುವ ಈ ಪ್ರಶಸ್ತಿ, ಭಾಷೆಯ ಪಾಠ ಹೇಳಿ ಬದುಕಿದ ಒಬ್ಬ ಮೇಷ್ಟರನ್ನು ಹುಡುಕಿಕೊಂಡು ಬಂದದ್ದು ವಿಶೇಷ.

ಶರ್ಮರು ತೆರೆದ ದಾರಿ ಆ ವೇಳೆಗೆ ರಾಜಬೀದಿಯಾಗತೊಡಗಿತ್ತು. 1978ರಲ್ಲಿ ತಿರುಪತಿ ದೇವಸ್ಥಾನವು ಅನ್ನಮಾಚಾರ್ಯ ಯೋಜನೆಯನ್ನು ಸ್ಥಾಪಿಸಿತು. ನೇದುನೂರಿ ಕೃಷ್ಣಮೂರ್ತಿಯವರಂಥ ವಿದ್ವಾಂಸರು ಇನ್ನಷ್ಟು ಕೀರ್ತನೆಗಳಿಗೆ ರಾಗ ಕೂಡಿಸಿದರು. ಎಂ.ಎಸ್. ಸುಬ್ಬುಲಕ್ಷ್ಮಿಯವರು ದೇವಸ್ಥಾನಕ್ಕಾಗಿ ಹಾಡಿದ ‘ಬಾಲಾಜಿ ಪಂಚರತ್ನಮಾಲಾ’ ಧ್ವನಿಮುದ್ರಿಕೆಗಳ ಮೂಲಕ ಅನ್ನಮಯ್ಯ ಮನೆಮನೆಯ ಮಾತಾದ. ಮಲ್ಲೇಶ್ವರದಲ್ಲಿಯೂ ಬಸವನಗುಡಿಯಲ್ಲಿಯೂ ಸಂಗೀತ ಕಲಿಯುವ ಮಕ್ಕಳು ದೇವರನಾಮದ ಜೊತೆಗೆ ಒಂದು ಅನ್ನಮಾಚಾರ್ಯ ಕೀರ್ತನೆಯನ್ನೂ ಕಲಿಯುವುದು ವಾಡಿಕೆಯಾಯಿತು.

1979ರ ಮಾರ್ಚ್ 11. ತಿರುಪತಿ ದೇವಸ್ಥಾನದ ಆಸ್ಥಾನ ವಿದ್ವಾಂಸರೆಂಬ ಗೌರವ ಬೆಂಗಳೂರಿನಲ್ಲಿದ್ದ ಶರ್ಮರಿಗೆ ಸಂದದ್ದು ಅಂದು. ಎಂಬತ್ತಾರರ ವೃದ್ಧರು ಕಣ್ಣು ಮುಚ್ಚಿದ್ದೂ ಅದೇ ದಿನ.

ಅವರ ಬಾಳನ್ನು ಎರಡು ಭಾಗ ಮಾಡಿ ತೂಗಿದರೆ ಯಾವುದು ಹೆಚ್ಚು ತೂಕವೆಂದು ಹೇಳುವುದು ಕಷ್ಟ. ಮೂವತ್ತೈದಕ್ಕೂ ಹೆಚ್ಚು ವರ್ಷ ಸಂಬಳ ತಂದುಕೊಟ್ಟ ಕೆಲಸ ಒಂದು ಕಡೆ. ಪಿಂಚಣಿಯ ಮೇಲೆ ಮಾಡಿದ ಕೆಲಸ ಇನ್ನೊಂದು ಕಡೆ. ಮೊದಲನೆಯದಿಲ್ಲದೆ ಎರಡನೆಯದು ಆಗುತ್ತಿರಲಿಲ್ಲ. ಅಮ್ಮನಿಂದ ಕೇಳಿದ್ದು, ಮಠದಲ್ಲಿ ಓದಿದ್ದು, ಕೃಷ್ಣಪ್ಪನವರ ಬಳಿ ಕಲಿತದ್ದು, ತರಗತಿಯಲ್ಲಿ ವಿವರಿಸಿ ವಿವರಿಸಿ ತಾವೇ ತಿಳಿದುಕೊಂಡದ್ದು, ಇವೆಲ್ಲ ಬೇರೆ ಬೇರೆ ಹೊಳೆಗಳಾಗಿ ಹರಿದು ಐವತ್ತೈದರ ಆಚೆಗೆ ಒಂದೆಡೆ ಕೂಡಿದವು. ನಮ್ಮ ಮನೆಗಳಲ್ಲಿಯೂ ಪತ್ರಿಕೆಯನ್ನು ಮೂರನೆಯ ಸಲ ತಿರುವಿ ಹಾಕುತ್ತ ಕುಳಿತ ಹಿರಿಯರಿದ್ದಾರೆ. ಅವರ ನೆನಪಿನಲ್ಲಿ ಯಾವ ಹಾಡು, ಯಾವ ಪಾಠ, ಯಾವ ಕಸಬು ಸ್ವರವಿಲ್ಲದೆ ಮಲಗಿದೆಯೋ ಕೇಳಿ ನೋಡಿದವರು ಎಷ್ಟು ಮಂದಿ? ತಾಮ್ರದ ತಗಡು ನಾನೂರು ವರ್ಷ ಕಾದೀತು. ಮನುಷ್ಯರು ಅಷ್ಟು ದಿನ ಕಾಯಲಾರರು.